ಮೂರನೆಯ ಬರ್ತು

ಬನ್ನಿನ ವಾಸನೆ, ಬನ್ನಿನದೇ ಹೌದು, ಆದರೆ ಹೊಸದಾಗಿ ಸುಟ್ಟದ್ದಲ್ಲ, ವರ್ಷಗಟ್ಟಲೆ ಬನ್ನು ತುಂಬಿಕೊಂಡು ತಿರುಗಿದ ತಗಡಿನ ವಾಸನೆ, ಡಾಲ್ಡಾ ಕಮಟಿದ ಹಾಗೆ, ಅದರ ಮೇಲೆ ನೆಲಕ್ಕೆ ಹಾಸಿದ ಹೊಸ ಪ್ಲೈವುಡ್ಡಿಗೆ ಬಳಿದ ಅಂಟಿನದು, ನಾನು ವೇಲು ಮೂಗಿಗೆ ಹಿಡಿದಿದ್ದೇನೆ, ಅಮ್ಮನಿಗೆ ಮಾತ್ರ ಹಿಡಿಸಿದೆ, ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತು ಉಸಿರು ಎಳೆದುಕೊಳ್ಳುತ್ತಾಳೆ, ಯಾರ ಮನೇಲೋ ಏನೋ ಬೇಯಿಸ್ತಾವ್ರೆ ಕಣೆ ಅಂತಾಳೆ, ಹೂಂ ಅಮ್ಮ ಅಂದೆ, ಹೂಂ ಅನ್ನುವುದು ನನಗೆ ಚೆನ್ನಾಗಿ ಬರುತ್ತದೆ, ಬಿ.ಎ. ಮುಗಿಸಿ ಮನೆಯಲ್ಲಿ ಕೂತ ಮೇಲೆ ನಾನು ಬಾಯಿಬಿಟ್ಟು ಆಡಿದ ಮಾತುಗಳಲ್ಲಿ ಹೂಂ ಅನ್ನುವುದೇ ಹೆಚ್ಚು, ಉಳಿದದ್ದೆಲ್ಲ ಡೈರಿಗೆ. ಹೊರಗೆ ಅಪ್ಪ ಗಾಡಿಯ ಸುತ್ತ ಬರುತ್ತ ಬೆರಳ ಗೆಣ್ಣಿನಿಂದ ತಗಡು ತಟ್ಟುತ್ತಿದ್ದಾನೆ, ಟಣ್, ಟಣ್, ಒಂದು ಕಡೆ ಡಬ್ ಅಂದಿತು, ಅಲ್ಲೇ ನಿಂತ, ಇಲ್ಲಿ ತಗ್ಗಿಗೆ ಪುಟ್ಟಿ ತುಂಬ್ಸಿದೀರಿ ಅಂತಿದ್ದಾನೆ, ಶೆಡ್ಡಿನ ಯಜಮಾನ ಮೋಹನ್‌ಕುಮಾರ್ ನಗುತ್ತಾರೆ, ಸಾ, ನಿಮಗೆ ಗಾಡಿ ತೋರ್ಸೋದೂ ಒಂದೇ, ಆರ್‌ಟಿಓ ಮುಂದೆ ನಿಲ್ಸೋದೂ ಒಂದೇ. ಅಪ್ಪ ನಗುವುದಿಲ್ಲ, ಮೂವತ್ತು ವರ್ಷದ ಮೇಲೆ ಸರ್ಕಾರಿ ಬಸ್ಸು ಓಡಿಸಿ ಹೋದ ವರ್ಷ ರಿಟೈರ್ ಆದವನು, ಗಾಡಿಯ ವಿಷಯದಲ್ಲಿ ನಗುವುದು ಅವನಿಗೆ ಒಗ್ಗದು. ಬೇಕರಿಯವರ ವ್ಯಾನಂತೆ ಇದು, ಬೆಳಗ್ಗೆ ಹಾಸನದಲ್ಲಿ ಬ್ರೆಡ್ಡು ಬನ್ನು ತುಂಬಿಕೊಂಡು ಹೊಳೆನರಸೀಪುರ, ಅರಕಲಗೂಡು, ಕೊಣನೂರು ಎಂದು ಅಂಗಡಿ ಅಂಗಡಿಗೆ ಹಾಕಿ ಬರುತ್ತಿದ್ದದ್ದು, ಈಗ ಹೊಳೆನರಸೀಪುರದ ಈ ಶೆಡ್ಡಿನಲ್ಲಿ ಅದರ ಟ್ರೇಗಳನ್ನೆಲ್ಲ ಕಿತ್ತು ಹಾಕಿ ಮನೆ ಮಾಡುತ್ತಿದ್ದಾರೆ, ಅಪ್ಪ ಒಪ್ಪಿದರೆ ನಮ್ಮ ಮನೆ, ಸುತ್ತೋಕಲ್ಲ, ಇರೋಕೆ, ಅಪ್ಪ ಕೇಳಿದವರಿಗೆಲ್ಲ ಹೀಗೇ ಹೇಳುವುದು, ಇನ್ಮೇಲೆ ಗಾಡಿಲೇ ಇರೋದು ಕಣ್ರೀ, ಇವತ್ತು ಧರ್ಮಸ್ಥಳ, ನಾಳೆ ಗೋಕರ್ಣ, ನಾಡಿದ್ದು ಎಲ್ಲಿಗೆ ಮನಸ್ಸು ಬತ್ತದೋ ಅಲ್ಲಿ. ಹಾಸನದ ಬಾಡಿಗೆ ಮನೆ ಖಾಲಿ ಮಾಡುತ್ತೇವೆ ಎಂದು ಓನರಿಗೆ ಹೇಳಿಯೂ ಆಯಿತು. ಟಣ್. ಟಣ್. ಇದನ್ನೇ ಇವತ್ತು ಒಪ್ಪುತ್ತಾನೆ, ತಟ್ಟುವ ಸದ್ದಿನಲ್ಲೇ ಗೊತ್ತಾಗುತ್ತದೆ, ಬೇಡದ ಗಾಡಿಯನ್ನು ಅವನು ಇಷ್ಟು ಹೊತ್ತು ತಟ್ಟುವುದಿಲ್ಲ, ಒಪ್ಪುವುದರೊಳಗೆ ನಾನು ಹೇಳಬೇಕು, ಇವತ್ತು ಹೇಳದಿದ್ದರೆ ಇನ್ನು ಹೇಳುವುದಿಲ್ಲ.

ಅಪ್ಪ, ನಾನು ಬರಲ್ಲ. ಇಷ್ಟೇ. ಮೂರೇ ಪದ, ಡೈರಿಯಲ್ಲಿ ಎಷ್ಟು ಸಲ ಬರೆದಿದ್ದೇನೋ, ಬರೆಯುವಾಗ ಅಕ್ಷರ ದುಂಡಗೆ ಬರುತ್ತವೆ, ಬಾಯಿಗೆ ತರಬೇಕೆಂದರೆ ಬರುವುದು ಹೂಂ ಒಂದೇ, ಬೆಳಗ್ಗೆ ಹಾಸನದಿಂದ ನಮ್ಮ ಓಮ್ನಿ ಕಾರಿನಲ್ಲಿ ಬರುವಾಗ ಹೇಳೋಣವೆಂದಿದ್ದೆ, ಅಮ್ಮ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು, ಎಬ್ಬಿಸಬಾರದೆಂದು ಸುಮ್ಮನಾದೆ, ಅದು ನೆಪ, ಗೊತ್ತು. ಇದೇ ಊರಿನಲ್ಲಿ, ಹೊಳೆನರಸೀಪುರದಲ್ಲೇ, ಹೇಮಾವತಿಯ ಕಡೆಗೆ ಹೋಗುವ ರಸ್ತೆಯಲ್ಲಿ, ಹುಡುಗಿಯರ ಹಾಸ್ಟೆಲ್ಲಿದೆ, ಅಲ್ಲಿ ವಾರ್ಡನ್ ಮೇಡಂಗೆ ಸಹಾಯಕಿ ಬೇಕಾಗಿದ್ದಾಳೆ ಎಂದು ಕಾಲೇಜಿನ ಗೆಳತಿ ದಿವ್ಯಾ ಹೇಳಿದಳು, ಅವಳ ನಿಶ್ಚಿತಾರ್ಥ ಎಂದು ಮನೆಯಲ್ಲಿ ಸುಳ್ಳು ಹೇಳಿ ಬಂದು ನೋಡಿ ಹೋದೆ, ಮೇಡಂ ಹೆಚ್ಚೇನೂ ಕೇಳಲಿಲ್ಲ, ನೀನು ಜಾಸ್ತಿ ಮಾತಾಡಲ್ಲ ಅನ್ಸುತ್ತೆ, ಒಳ್ಳೇದೇ, ಈ ಮಕ್ಕಳೇ ಬೇಕಾದಷ್ಟು ಮಾತಾಡ್ತವೆ ಅಂದರು, ಆಮೇಲೆ ನನಗೆ ಕೊಡುವ ಕೋಣೆ ತೋರಿಸಿದರು, ಕಬ್ಬಿಣದ ಮಂಚ, ಗೋಡೆಯೊಳಗೆ ಕಪಾಟು, ಕಿಟಕಿಯಾಚೆ ಯಾರದೋ ಗದ್ದೆ, ಸುಮ್ಮನೆ ನಿಂತು ನೋಡಿದೆ, ಆ ಕೋಣೆಯಲ್ಲಿ ಯಾರೂ ಇರಲಿಲ್ಲ, ಅದೇ ನನಗೆ ಹಿಡಿಸಿದ್ದು, ಯಾರೂ ಇಲ್ಲದಿರುವುದು, ಯಾರೂ ಎಲ್ಲಿಗೂ ಹೋಗೋಣ ಅನ್ನದಿರುವುದು. ಒಂದನೇ ತಾರೀಖಿಗೆ ಬಂದುಬಿಡು ಅಂದಿದ್ದಾರೆ. ಒಂದನೇ ತಾರೀಖಿಗೇ ಅಪ್ಪ ಓನರಿಗೆ ಮನೆಯ ಬೀಗದ ಕೈ ಕೊಡುವುದು. ಮೇಡಂ, ಒಂಚೂರು ಅಲ್ಲಿ ಮಲಗಿ ನೋಡಿ, ಕಾಲು ತಾಗುತ್ತಾ ಹೇಳಿ — ಮೋಹನ್‌ಕುಮಾರ್, ಪಕ್ಕದ ಕಿಟಕಿಯಿಂದ ತಲೆ ಹಾಕಿದ್ದಾರೆ, ನನ್ನನ್ನೇ ಮೇಡಂ ಅಂತಿರುವುದು, ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದಿದ್ದಾರೆ, ಮುಂದುಗಡೆ ಅಡ್ಡಕ್ಕೆ ಅಪ್ಪ ಅಮ್ಮನಿಗೆ ಎರಡು ಬರ್ತು, ಎಡಗಡೆ ನೀರಿನ ಟ್ಯಾಂಕು ಬರುವ ಜಾಗದ ಮೇಲೆ ಉದ್ದಕ್ಕೆ ನನಗೆ ಮೂರನೆಯದು, ಹಗಲು ಮಡಚಿ ಸರಪಳಿಗೆ ಸಿಕ್ಕಿಸಿಬಿಡಬಹುದಂತೆ, ರೈಲಿನಲ್ಲಿ ಇರುತ್ತಲ್ಲ ಹಾಗೆ. ಗೆರೆಯ ಒಳಗೆ ಮಲಗಿದೆ. ತಲೆ ಇಲ್ಲಿ, ಕಾಲು ಅಲ್ಲಿ. ತಾಗುವುದಿಲ್ಲ. ಸರಿಯಾಗಿ ನನ್ನ ಅಳತೆಯೇ, ಅಪ್ಪ ಫೋನಿನಲ್ಲೇ ಅಳತೆ ಕೊಟ್ಟಿದ್ದಾನೆ, ಯಾವಾಗ ಅಳೆದನೋ, ಮಲಗಿದ್ದಾಗ ಅಳೆದನೋ, ಅಮ್ಮ ಬಗ್ಗಿ ನನ್ನ ಮುಖ ನೋಡುತ್ತಾಳೆ, ಯಾಕಕ್ಕ, ಉಷಾರಿಲ್ವ? ಸಂಜೆಯಾಗುತ್ತಿದ್ದ ಹಾಗೆ ನಾನು ಅವಳ ಅಕ್ಕನಾಗುತ್ತೇನೆ, ಆದರೆ ಇನ್ನೂ ಮಧ್ಯಾಹ್ನ, ಈಚೆಗೆ ಮಧ್ಯಾಹ್ನಕ್ಕೇ ಅಕ್ಕನಾಗುತ್ತಿದ್ದೇನೆ.

ಸಂಜೆ, ಸಂಜೆಯಿಂದಲೇ ಎಲ್ಲ ಶುರುವಾದದ್ದು, ಹಾಸನದ ಡಾಕ್ಟರು ಅಮ್ಮನಿಗೆ ಮರೆವಿನ ಕಾಯಿಲೆ ಅಂದರು, ಇವಳಿಗಿನ್ನೂ ಅರವತ್ತಾಗಿಲ್ಲ ಸಾ ಅಂದ ಅಪ್ಪ, ವಯಸ್ಸಿಗೆ ವಿನಾಯಿತಿ ಇದ್ದೀತೇನೋ ಎಂಬಂತೆ, ಡಾಕ್ಟರು ತಲೆ ಅಲ್ಲಾಡಿಸಿದರು. ದೀಪ ಹಚ್ಚುವ ಹೊತ್ತಿಗೆ ಅಮ್ಮ ಏಳುತ್ತಾಳೆ, ಸೆರಗು ಸರಿಮಾಡಿಕೊಳ್ಳುತ್ತಾಳೆ, ಅಡುಗೆಮನೆಯ ಲೈಟು ಆರಿಸುತ್ತಾಳೆ, ಏಳಿ, ಒತ್ತಾಯ್ತು, ಮನೆಗೋಗಾನ. ಇದೇ ಮನೆ ಕಣೆ ಭಾಗ್ಯ ಅಂತಾನೆ ಅಪ್ಪ. ಇದ್ಯಾರ್ದೋ ಮನೆ, ಅವ್ರು ಬಂದ್ರೆ ಏನಂದ್ಕಂಡಾರು, ಎಷ್ಟೊತ್ತು ಅಂತ ಇನ್ನೊಬ್ರ ಮನೇಲಿ ಕುಂತಿರದು, ಮರ್ಯಾದೆ ಬ್ಯಾಡ್ವ. ಇಪ್ಪತ್ತು ವರ್ಷದಿಂದ ಅವಳೇ ರಂಗೋಲಿ ಹಾಕಿದ ಬಾಗಿಲು, ಅವಳೇ ಮೊಳೆ ಹೊಡೆಸಿದ ಕ್ಯಾಲೆಂಡರು, ನೆಂಟರ ಮನೆಯಲ್ಲಿ ಕೂತವಳ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿರುತ್ತಾಳೆ, ಕಾಫಿ ಕೊಟ್ಟರೆ ಯಾಕೆ ತೊಂದ್ರೆ ಮಾಡ್ಕಂಡ್ರಿ ಅಂತಾಳೆ. ಹಾಗಾದರೆ ಅವಳು ಕೇಳುವ ಮನೆ ತವರೇ ಇರಬೇಕೆಂದು ಬಾಗೂರಿಗೆ ಕರೆದುಕೊಂಡು ಹೋದೆವು, ಮಾವ ತೀರಿಕೊಂಡ ಮೇಲೆ ಅನಸೂಯಮ್ಮತ್ತೆ ಒಬ್ಬರೇ ಹಸು ಕಟ್ಟಿಕೊಂಡು ಮನೆ ನಡೆಸುತ್ತಾರೆ, ಅವರನ್ನು ನೋಡಿ ಅಮ್ಮನಿಗೆ ಗುರುತೇ ಹತ್ತಲಿಲ್ಲ, ಹಿತ್ತಲು ನೋಡಿದಳು, ಒರಳು ನೋಡಿದಳು, ಸಂಜೆಯಾಯಿತು, ಏಳಿ, ಒತ್ತಾಯ್ತು. ಅಪ್ಪ ಅಲ್ಲೇ ಜಗಲಿಯ ಮೇಲೆ ಕುಸಿದು ಕೂತ, ಇನ್ನೆಲ್ಲಿಗೆ ಕರ್ಕಂಡೋಗ್ಲಿ ಇವಳ್ನ ಅಂದ, ಯಾರಿಗೂ ಅಲ್ಲ, ಕಂಬಕ್ಕೆ. ಹೊರಟು ನಿಂತಾಗ ಅನಸೂಯಮ್ಮತ್ತೆ ಮೊರ ತಂದರು, ಯಾಕತ್ತೆ ಈಗ ಅಂದೆ, ತವರಿಗೆ ಬಂದ ಎಣ್ಮಗಳ್ನ ಮಡ್ಲಕ್ಕಿ ಇಲ್ದೆ ಎಂಗವ್ವ ಕಳ್ಸದು, ಅವಳಿಗೆ ಮರ್ತೋದ್ರೆ ನಂಗೂ ಮರ್ತೋಗ್ಬೇಕಾ. ಅಕ್ಕಿ, ಬೆಲ್ಲದಚ್ಚು, ತೆಂಗಿನಕಾಯಿ, ವೀಳ್ಯದೆಲೆ, ರವಿಕೆ ಕಣ, ಅಮ್ಮ ಯಾರೂ ಹೇಳದೆಯೇ ಪೂರ್ವಕ್ಕೆ ತಿರುಗಿ ನಿಂತು ಸೆರಗೊಡ್ಡಿದಳು, ತುಂಬಿದ ಮೇಲೆ ತನ್ನ ಮಡಿಲಿಂದ ಒಂದು ಹಿಡಿ ತೆಗೆದು ತವರಿಗಿರಲಿ ಎಂದು ಮೊರಕ್ಕೆ ವಾಪಸು ಹಾಕಿದಳು, ನನ್ನ ಹೆಸರು ನೆನಪಿಲ್ಲದವಳು, ಮಧ್ಯಾಹ್ನ ಉಂಡದ್ದು ನೆನಪಿಲ್ಲದವಳು, ಅದನ್ನು ಹಾಕಿದಳು. ಅತ್ತೆ ಸೆರಗಲ್ಲಿ ಕಣ್ಣೊರೆಸಿಕೊಂಡರು. ಹೊಸಲು ದಾಟಿ ಗಾಡಿ ಹತ್ತಿದ ಅಮ್ಮ ದಾರಿಯುದ್ದಕ್ಕೂ ಏನೂ ಕೇಳಲಿಲ್ಲ, ಮಡಿಲು ಹಿಡಿದು ಕೂತು ಕಿಟಕಿಯಾಚೆ ನೋಡಿದಳು, ಹುಬ್ಬಿನ ನಡುವಿನ ಗಂಟು ಸಡಿಲವಾಗಿತ್ತು, ಎಲ್ಲಿಗಮ್ಮ ಹೋಗ್ತಿರೋದು ಅಂದೆ, ಮನೆಗೆ ಅಂದಳು, ಇದೇನು ಪ್ರಶ್ನೆ ಎಂಬಂತೆ. ಹಾಸನ ಬಂತು, ಮನೆ ಬಂತು, ಅಪ್ಪ ನಿಲ್ಲಿಸಿದ, ಇಲ್ಯಾಕೆ ನಿಲ್ಲಿಸಿದ್ರಿ, ಇಳಿಯಲಿಲ್ಲ, ಹುಬ್ಬಿನ ಗಂಟು ಮತ್ತೆ ಕಟ್ಟಿತು. ಅಪ್ಪ ಮತ್ತೆ ಗಾಡಿ ಸ್ಟಾರ್ಟ್ ಮಾಡಿ ಊರಾಚೆ ಸಾಲಗಾಮೆ ಕಡೆಗೆ ತಿರುಗಿಸಿದ.

ಅವತ್ತಿನಿಂದ ದಿನಾ ಸಂಜೆ ಸಾಲಗಾಮೆ, ಹೋಗೋದು ಬರೋದು, ಹೋಗೋದು ಬರೋದು, ಅಪ್ಪನ ಹೊಸ ಡ್ಯೂಟಿ, ನಾನು ಹಿಂದಿನ ಸೀಟಿನಲ್ಲಿ ಅಮ್ಮನ ಕೈ ಹಿಡಿದುಕೊಂಡು ಕಂಡಕ್ಟರ್ ಹಾಗೆ, ಚಕ್ರ ತಿರುಗುವಷ್ಟು ಹೊತ್ತು ಅಮ್ಮ ಮನೆಗೆ ಹೋಗುತ್ತಿರುತ್ತಾಳೆ, ನಿಂತರೆ ಮುಗಿಯಿತು. ನಿಲ್ದಿದ್ರೆ ಆಯ್ತಲ್ಲ ಅಂದ ಅಪ್ಪ ಒಂದು ದಿನ ಊಟ ಮಾಡುತ್ತ, ಸಾರು ಕಲಸುತ್ತಿದ್ದ ಕೈ ಹಾಗೇ ನಿಂತಿತು, ಅವನ ಮುಖದಲ್ಲಿ ಅಂಥ ಬೆಳಕು ನಾನು ನೋಡಿರಲಿಲ್ಲ. ಆಮೇಲೆ ಫೋನಿನಲ್ಲಿ ಆ ವಿಡಿಯೋಗಳು, ಯಾವ ದೇಶದವರೋ ಗಂಡ ಹೆಂಡತಿ, ಇಬ್ಬರಿಗೂ ತಲೆ ಬೆಳ್ಳಗಾಗಿದೆ, ಮನೆ ಮಾರಿ ವ್ಯಾನಿನಲ್ಲೇ ಇರುತ್ತಾರೆ, ಸಮುದ್ರದ ಪಕ್ಕ ಹಿಂಬಾಗಿಲು ತೆಗೆದು ಕಾಫಿ ಕುಡಿಯುತ್ತಾರೆ, ಅಮ್ಮ ಅವರನ್ನು ಪಕ್ಕದ ಮನೆಯವರೆಂದುಕೊಂಡಿದ್ದಾಳೆ, ಆಯಮ್ಮಂಗೆ ತಲೆಗೆ ಎಣ್ಣೆ ಹಚ್ಚೋರಿಲ್ವ ಅಂತ ಕೇಳುತ್ತಾಳೆ, ಅಪ್ಪನಿಗೆ ಅವರ ಮಾತು ತಿಳಿಯದು, ಆದರೆ ಬಟ್ಟೆಯ ಬೀರು ಎಲ್ಲಿಟ್ಟಿದ್ದಾರೆ, ನೀರು ಎಲ್ಲಿಂದ ಬರುತ್ತದೆ, ಕೊಳೆನೀರು ಎಲ್ಲಿಗೆ ಹೋಗುತ್ತದೆ, ಎಲ್ಲ ನಿಲ್ಲಿಸಿ ನಿಲ್ಲಿಸಿ ನೋಡಿದ. ಅವನಿಗೆ ಇದು ಹೊಸದೇನಲ್ಲ, ಅದನ್ನೂ ಯೋಚಿಸಬೇಕು, ನನ್ನ ಬಾಲ್ಯವೆಲ್ಲ ಅವನು ನೈಟ್ ಹಾಲ್ಟ್, ಕೊಣನೂರಿನಾಚೆಯ ಯಾವುದೋ ಹಳ್ಳಿಗೆ ಸಂಜೆಯ ಕೊನೇ ಬಸ್ಸು, ಅಲ್ಲೇ ಆಲದ ಮರದ ಕೆಳಗೆ ನಿಲ್ಲಿಸಿ ಬಸ್ಸಿನ ಹಿಂದಿನ ಉದ್ದ ಸೀಟಿನಲ್ಲಿ ಮಲಗಿ ಬೆಳಗ್ಗೆ ಮೊದಲ ಟ್ರಿಪ್ಪು, ಊರವರೇ ಸರದಿ ಪ್ರಕಾರ ಡ್ರೈವರ್ ಕಂಡಕ್ಟರಿಗೆ ಮುದ್ದೆ ಸಾರು ತಂದುಕೊಡುತ್ತಿದ್ದರು, ಯಾವ ಮನೆಯಲ್ಲಿ ಉಪ್ಪು ಜಾಸ್ತಿ, ಯಾವ ಮನೆಯ ಮುದ್ದೆ ಮೆದು ಎಂದು ಅಪ್ಪ ಇವತ್ತಿಗೂ ಹೇಳುತ್ತಾನೆ, ಅಮ್ಮನ ಅಡುಗೆ ಬಗ್ಗೆ ಹಾಗೆ ಹೇಳಿದ್ದು ನಾನು ಕೇಳಿಲ್ಲ. ಅಮ್ಮ ಆಗೆಲ್ಲ ಬಾಗಿಲ ಬಳಿ ಕೂತು ಕಾಯುತ್ತಿದ್ದಳು. ರಿಟೈರಾದ ಮೇಲಾದರೂ ಮನೇಲಿರ್ತೀರಲ್ಲ ಅನ್ನುತ್ತಿದ್ದಳು. ಈಗ ಅವನು ಮನೆಯಲ್ಲಿದ್ದಾನೆ, ಅವಳಿಗೆ ಇದು ಮನೆಯಲ್ಲ. ಇದನ್ನು ಯಾರಿಗೆ ಹೇಳಲಿ, ಡೈರಿಗೆ ಬರೆದೆ, ಬರೆದು ಏನಾಯಿತು.

ಇದು ನಾವು ನೋಡುತ್ತಿರುವ ಮೂರನೆಯ ಗಾಡಿ, ಮೊದಲು ಅರಕಲಗೂಡಿನಲ್ಲಿ ನೋಡಿದ್ದು ಸ್ಕೂಲ್ ವ್ಯಾನು, ಹಳದಿ ಬಣ್ಣ, ಕಿಟಕಿಗಳಿಗೆ ಸರಳು, ಒಳಗೆ ಮಕ್ಕಳು ಅಂಟಿಸಿದ ಸ್ಟಿಕ್ಕರುಗಳು, ಚಾವಣಿ ತಗ್ಗು, ಅಮ್ಮ ಎದ್ದು ನಿಂತರೆ ತಲೆ ಹೊಡೆಯುತ್ತಿತ್ತು, ಎದ್ದು ನಿಂತು ಸೀರೆ ಉಡೋಕಾಗ್ದಿದ್ರೆ ಅದೆಂಥಾ ಮನೆ ಅಂದ ಅಪ್ಪ, ನಾನು ಅವನನ್ನು ಮೆಚ್ಚಿದೆ ಆಗ, ಅವನು ಅದನ್ನು ಯೋಚಿಸಿದನಲ್ಲ ಎಂದು. ಎರಡನೆಯದು ಚನ್ನರಾಯಪಟ್ಟಣದಲ್ಲಿ, ಮದುವೆ ದಿಬ್ಬಣಕ್ಕೆ ಬಾಡಿಗೆ ಬಿಡುತ್ತಿದ್ದ ಟೆಂಪೊ ಟ್ರಾವೆಲರ್, ಕೆಂಪು ವೆಲ್ವೆಟ್ಟು, ನೀಲಿ ಲೈಟು, ಮೂಲೆಯಲ್ಲಿ ಯಾವುದೋ ಮದುವೆಯ ಅಕ್ಷತೆ, ಎತ್ತರ ಬೇಕಾದಷ್ಟಿತ್ತು, ಅಮ್ಮನಿಗೆ ಕೂತ ಕೂಡಲೇ ಹಿಡಿಸಿತು, ಯಾರ ಮದುವೆ ಅಂದಳು, ಅಪ್ಪನ ಬಾಯಿಗೆ ಏನು ಬಂತೋ, ನನ್ನ ಹೆಸರು ಹಿಡಿದು ಕವನಾದು ಅಂದುಬಿಟ್ಟ, ಗಾಡಿಯ ಓನರು ನನ್ನ ಕಡೆ ನೋಡಿ ನಕ್ಕ, ನಾನು ಹೊರಗೆ ಬಂದು ಟೈರು ನೋಡುತ್ತ ನಿಂತೆ. ಆದರೆ ಮೆಟ್ಟಿಲು ಅಮ್ಮನ ಮಂಡಿಗೆ ಎತ್ತರ, ಬಚ್ಚಲಿಗೆ ಜಾಗವಿಲ್ಲ, ದಾರಿಲಿ ಒಂದಕ್ಕೂ ಎರಡಕ್ಕೂ ಪೆಟ್ರೋಲ್ ಬಂಕ್ ಹುಡುಕ್ತಾ ಹೋಗೋಕಾಗುತ್ತಾ ಇವಳನ್ನ ಕಟ್ಟಿಕೊಂಡು ಎಂದು ಬಿಟ್ಟ. ವಾಪಸು ಬರುವಾಗ, ಉದಯಪುರ ದಾಟಿದ ಮೇಲೆ, ನಾನು ಒಂದು ಗಳಿಗೆ ಕಣ್ಣು ಮುಚ್ಚಿದ್ದೆ, ಮುಖಕ್ಕೆ ಗಾಳಿ ಬಡಿಯಿತು, ಗಾಳಿ ಎಲ್ಲಿಂದ ಎಂದು ಕಣ್ಣು ಬಿಟ್ಟರೆ ಓಮ್ನಿಯ ಬಾಗಿಲು ಪೂರ್ತಿ ಸರಿದಿದೆ, ಅಮ್ಮ ಒಂದು ಕಾಲು ಹೊರಗಿಟ್ಟಿದ್ದಾಳೆ, ಕೆಳಗೆ ರಸ್ತೆ ನೀರಿನ ಹಾಗೆ ಹರಿಯುತ್ತಿದೆ, ಮನೆ ಬಂತು ಇಳೀತೀನಿ ಅಂತಿದ್ದಾಳೆ, ಸೆರಗು ಸಿಕ್ಕಿತು, ರವಿಕೆ ಸಿಕ್ಕಿತು, ಅಪ್ಪ ಅಂತ ಕೂಗಿದೆನೋ ಇಲ್ಲವೋ, ಅಪ್ಪ ನಿಲ್ಲಿಸಿದ, ಹಿಂದೆ ಬರುತ್ತಿದ್ದ ಲಾರಿ ಹಾರನ್ನು ಎಳೆದುಕೊಂಡು ಪಕ್ಕದಲ್ಲೇ ಹೋಯಿತು. ಇಷ್ಟು ವರ್ಷದಲ್ಲಿ ಒಂದು ನಾಯಿಗೂ ಗಾಡಿ ತಾಗಿಸದ ಅಪ್ಪ ಇಳಿದು ಬಂದು ಅಮ್ಮನ ಪಕ್ಕ ನಿಂತು ಅವಳ ಕಾಲನ್ನು ಒಳಗೆ ಎತ್ತಿಟ್ಟ, ಚಪ್ಪಲಿ ಸರಿಮಾಡಿದ, ಬಾಗಿಲು ಎಳೆದ, ಆಮೇಲೆ ನನ್ನ ನೋಡಿ, ನೀನಿದ್ದೆ, ಸರೋಯ್ತು ಮಗಾ, ನೀನು ಇಂದೆ ಇರ್ತೀಯಲ್ಲ, ನಂಗೇನ್ ಯೋಚ್ನೆ. ಅವತ್ತು ಹೇಳಬಹುದಿತ್ತಾ, ಅವತ್ತು ಹೇಗೆ ಹೇಳುವುದು. ನೀನು ಹಿಂದೆ ಇರ್ತೀಯಲ್ಲ, ಹಿಂದೆ, ಅವನು ಮುಂದೆ ರಸ್ತೆ ನೋಡುತ್ತಿರುತ್ತಾನೆ, ಸಮುದ್ರ ಬೆಟ್ಟ ಏನೇನು ಬರುತ್ತವೋ, ನಾನು ಹಿಂದೆ ಅಮ್ಮನ ಕೈ ನೋಡುತ್ತಿರುತ್ತೇನೆ, ಅಮ್ಮ ಇರುವವರೆಗೆ, ಅಮ್ಮ ಇರಲಿ, ನೂರು ವರ್ಷ ಇರಲಿ, ಹಾಗೆಂದುಕೊಂಡ ಕೂಡಲೇ ಆಗ ನನಗೆಷ್ಟು ವಯಸ್ಸಾಗಿರುತ್ತದೆ ಎಂದು ಲೆಕ್ಕ ಹಾಕುತ್ತೇನೆ, ಎಂಥವಳು ನಾನು.

ಎಂಥವಳಾದರೂ ಸರಿ, ಗೆರೆಯಿಂದ ಎದ್ದೆ, ಚೂಡಿದಾರದ ಬೆನ್ನಿಗೆಲ್ಲ ಸೀಮೆಸುಣ್ಣ, ಅಮ್ಮ ಬಡಿದು ಕೊಡವುತ್ತಿದ್ದಾಳೆ, ಎಲ್ ಉಳ್ಳಾಡಿ ಬಂದೆ ಅಂತಾಳೆ, ಈಗ ಅಕ್ಕ ಅಲ್ಲ, ಮಗಳು, ಈ ಒಂದು ಗಳಿಗೆ ನಾನು ಮಗಳು, ಸ್ಕೂಲಿಂದ ಬಂದವಳು. ಅಪ್ಪ ಹಿಂದುಗಡೆಯ ಬಾಗಿಲಿಗೆ ಬಂದು ನಿಂತಿದ್ದಾನೆ, ಕೈಯಲ್ಲಿ ಟೇಪು, ಎತ್ತರ ಸರಿ, ಮೆಟ್ಟಿಲು ತಗ್ಗು, ಬಚ್ಚಲು ಅಲ್ಲಿ, ಸ್ಟವ್ವು ಇಲ್ಲಿ, ಗ್ಯಾಸಿನ ಪಕ್ಕ ಹಾಸಿಗೆ ಬೇಡ, ಮೇಲೆ ಗಾಳಿಗೆ ಒಂದು ಕಿಂಡಿ, ಮುಂದಿನ ಸೀಟಿಗೂ ಹಿಂದಕ್ಕೂ ನಡುವೆ ತಗಡಿನ ಗೋಡೆ, ಅದರಲ್ಲಿ ಮುಖ ಕಾಣುವಷ್ಟು ಗಾಜು, ಇದು ಆಗ್ತದೆ ಅಂದ, ಆಗ್ತದೆ ಅನ್ನುವುದು ಅಪ್ಪನ ಬಾಯಿಂದ ಬಹಳ ದೊಡ್ಡ ಮಾತು, ಮೋಹನ್‌ಕುಮಾರ್‌ಗೆ ಅದು ಗೊತ್ತಿಲ್ಲ, ಹಾಗಾದ್ರೆ ಸಾ, ನಾಳೆಯಿಂದ ಪ್ಲೈವುಡ್ ಕೊಯ್ಯೋಕೆ ಶುರು ಮಾಡ್ತೀವಿ, ಬರ್ತು ಎರಡಾ ಮೂರಾ, ಕೊನೇ ಸಲ ಹೇಳಿಬಿಡಿ, ಕೊಯ್ದ ಮೇಲೆ ಸೇರ್ಸೋಕಾಗಲ್ಲ, ಎರಡೇ ಆದ್ರೆ ಅಡುಗೆಮನೆ ದೊಡ್ಡದು ಬರುತ್ತೆ. ಅಪ್ಪ ಬಾಯಿ ತೆರೆದ. ಮೂ ಎಂದು ತುಟಿ ಮುಂದೆ ಬಂದದ್ದು ಕಂಡಿತು. ಅಪ್ಪ, ನಾನು ಬರಲ್ಲ. ಯಾರು ಅಂದದ್ದು, ನಾನೇ, ನನ್ನ ಧ್ವನಿಯೇ, ತಗಡಿನೊಳಗೆ ಗುಂಯ್ ಅಂದಿತು, ಅಷ್ಟು ಜೋರಾಗಿ ಹೇಳಬೇಕೆಂದಿರಲಿಲ್ಲ, ಮೋಹನ್‌ಕುಮಾರ್ ಫೋನು ತೆಗೆದು ನೋಡುವವರ ಹಾಗೆ ಆಚೆ ಸರಿದರು, ಅಪ್ಪ ಟೇಪನ್ನು ಸುತ್ತುತ್ತಿದ್ದಾನೆ, ಅದು ಬೇಗ ಬೇಗ ಒಳಗೆ ಹೋಗಿ ಟಪ್ ಅಂದಿತು, ಮತ್ತೆ ಎಳೆದ, ಮತ್ತೆ ಟಪ್. ಎಲ್ಲಿರ್ತೀಯ ಅಂದ. ಇಲ್ಲೇ, ಇದೇ ಊರಲ್ಲಿ, ಹಾಸ್ಟೆಲ್ಲಲ್ಲಿ ಕೆಲಸ ಸಿಕ್ಕಿದೆ, ಒಂದನೇ ತಾರೀಖಿಂದ. ನಾನು ಸಿಟ್ಟಿಗೆ ಸಿದ್ಧವಾಗಿದ್ದೆ, ಇಷ್ಟು ದಿನ ಅದಕ್ಕೇ ತಯಾರಿ ಮಾಡಿದ್ದೆ, ಅವನು ಹೀಗೆ ಬೈದರೆ ನಾನು ಹೀಗೆ ಎಂದು ಪುಟಗಟ್ಟಲೆ ಬರೆದಿದ್ದೆ. ಊಟ ಅಲ್ಲೇ ಕೊಡ್ತಾರಾ, ಅಂದ. ಕೊಡ್ತಾರೆ. ರೂಮು ಒಬ್ಬಳಿಗೇನಾ. ಹೂಂ. ಅಪ್ಪ ತಲೆಯಾಡಿಸಿದ, ಒಂದು ಸಲ, ಇನ್ನೊಂದು ಸಲ, ಒಳ್ಳೇದಾಯ್ತು ಬುಡು ಮಗಾ, ನಾನೂ ಅದೇ ಯೋಚ್ನೆ ಮಾಡ್ತಿದ್ದೆ, ವಯಸ್ಸಿಗೆ ಬಂದ ಮಗಳ್ನ ಗಾಡೀಲಿ ಎಂಗ್ ಸುತ್ತಿಸದು ಅಂತ. ಸುಳ್ಳು. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಕಿವಿ ಕೆಂಪಾಗುತ್ತದೆ, ಈಗ ಕಿವಿ ಕೆಂಪಾಗಿದೆ. ಎರಡೇ ಮಾಡಿ ಮೋಹನಣ್ಣ, ಎಂದು ಆಚೆಗೆ ಕೂಗಿದ, ಅಡುಗೆಮನೆ ದೊಡ್ಡದಾಗ್ಲಿ. ಮುಗಿಯಿತು. ಇಷ್ಟೇನಾ. ಇಷ್ಟು ಸುಲಭವಾಗಿದ್ದರೆ ಇಷ್ಟು ದಿನ ಯಾಕೆ, ಎದೆ ಹಗುರಾಗಬೇಕಿತ್ತು, ಆಗುತ್ತಿದೆ, ಸ್ವಲ್ಪ ಸ್ವಲ್ಪ ಆಗುತ್ತಿದೆ ಎಂದುಕೊಳ್ಳುವಾಗ ಅಪ್ಪ ಹೋಗದೆ ಅಲ್ಲೇ ನಿಂತಿದ್ದಾನೆ, ಹಿಂಬಾಗಿಲನ್ನು ಮುಚ್ಚುತ್ತಾನೆ, ತೆಗೆಯುತ್ತಾನೆ, ಹತ್ತಿ ಒಳಗೆ ಬಂದು ಒಳಗಿನಿಂದ ಮುಚ್ಚುತ್ತಾನೆ, ಒಳಗಿನ ಹಿಡಿಯನ್ನು ತಿರುಗಿಸಿ ತೆಗೆಯುತ್ತಾನೆ, ಹೊಸ ಹಿಡಿ, ಹೊಳೆಯುತ್ತದೆ, ಅಮ್ಮ ಅವನ ಕೈಯನ್ನೇ ನೋಡುತ್ತಿದ್ದಾಳೆ, ಕಲಿಯುತ್ತಿರುವ ಮಗುವಿನ ಹಾಗೆ, ಅವನು ಅವಳು ನೋಡುತ್ತಿರುವುದನ್ನು ನೋಡಿದ.

ಮೋಹನಣ್ಣ, ಒಳಗಡೆದು ಈ ಹ್ಯಾಂಡಲ್ಲು ಬಿಚ್ಚಿಬುಡಿ. ಯಾಕ್ ಸಾ, ನಾವೇ ಹೊಸದು ಹಾಕಿದೀವಿ, ಬಿಚ್ಚಿದ್ರೆ ಒಳಗಿಂದ ತೆಗೆಯೋಕೆ ಬರಲ್ಲ. ಅದಕ್ಕೇ. ಮೋಹನ್‌ಕುಮಾರ್ ಅರ್ಥವಾಗದೆ ನನ್ನನ್ನು ನೋಡಿದರು, ಆಮೇಲೆ ಅಮ್ಮನನ್ನು, ಆಮೇಲೆ ಅರ್ಥವಾಗಿ ನೆಲ ನೋಡಿದರು. ನಾನು ಗಾಡಿ ಓಡುಸ್ಬೇಕಾದ್ರೆ ಇಂದೆ ಯಾರೂ ಇರಕಿಲ್ವಲ್ಲ, ಅಂದ ಅಪ್ಪ, ನನಗೆ ಹೇಳಿದ್ದಲ್ಲ, ನನ್ನ ಕಡೆ ತಿರುಗಲೂ ಇಲ್ಲ, ಬ್ರೇಕು ಸ್ವಲ್ಪ ಬಿಗಿ ಮಾಡಿ ಎನ್ನುವ ಹಾಗೆ ಹೇಳಿದ, ಅವನ ಮಾತಿನಲ್ಲಿ ಚುಚ್ಚುವುದು ಏನೂ ಇರಲಿಲ್ಲ, ಇದ್ದಿದ್ದರೆ ಹಿಡಿದುಕೊಳ್ಳುತ್ತಿದ್ದೆ, ಹಿಡಿದುಕೊಂಡು ಜಗಳವಾಡುತ್ತಿದ್ದೆ. ಮೋಹನ್‌ಕುಮಾರ್ ತಾವೇ ಸ್ಕ್ರೂಡ್ರೈವರ್ ತಂದರು, ಒಂದು ಸ್ಕ್ರೂ, ಇನ್ನೊಂದು, ಹಿಡಿ ಕಳಚಿ ಬಂತು, ಅದಿದ್ದ ಜಾಗದಲ್ಲಿ ಆಚೆ ಕಾಣುವ ತೂತು, ಬೆರಳು ಹೋಗುವಷ್ಟು ಗುಂಡಗಿನ ತೂತು, ಸುತ್ತಲೂ ಬಣ್ಣ ಹೋಗಿ ತಗಡು ಕಂಡಿತು, ಅಪ್ಪ ಹಿಡಿಯನ್ನು ಶರ್ಟಿನ ಜೇಬಿಗೆ ಹಾಕಿಕೊಂಡ, ಜೇಬು ಜಗ್ಗಿತು. ಒಂದ್ಸಲ ಹಾಕಿ ನೋಡಾನ, ನೀವಿಬ್ರೂ ಅಂಗೇ ಕುಂತಿರಿ ಅಂದ, ಇಳಿದ, ಬಾಗಿಲು ಮುಚ್ಚಿತು. ಮೆಲ್ಲಗೆ ಮುಚ್ಚಿದ, ಬಸ್ಸಿನ ಬಾಗಿಲು ಬಡಿದು ರೂಢಿಯಾದವನು, ಇದನ್ನು ಮೆಲ್ಲಗೆ. ಅಮ್ಮ ಮತ್ತು ನಾನು, ಪಕ್ಕದ ಕಿಟಕಿಯನ್ನೂ ಎಳೆದರು, ಕತ್ತಲೆ, ಬನ್ನಿನ ವಾಸನೆ ಮತ್ತೆ ಎದ್ದು ಬಂತು, ಮುಂದಿನ ಗಾಜಿನಲ್ಲಿ ಸ್ವಲ್ಪ ಬೂದಿ ಬೆಳಕು, ಹಿಂದೆ ಬಾಗಿಲಲ್ಲಿ ತೂತು, ತೂತಿನಿಂದ ಒಂದು ಬಿಸಿಲಿನ ಕಡ್ಡಿ ಒಳಗೆ ಬಂದು ಅಮ್ಮನ ಮಂಡಿಯ ಮೇಲೆ ನಿಂತಿದೆ. ತಳ್ಳಿ ನೋಡು ಮಗಾ, ಬರುತ್ತಾ, ಹೊರಗಿನಿಂದ ಅಪ್ಪನ ಧ್ವನಿ, ದೂರದಿಂದ ಬಂದ ಹಾಗಿದೆ, ಒಂದು ತಗಡಿನಾಚೆ ನಿಂತಿದ್ದಾನೆ, ತಳ್ಳಿದೆ, ಬರಲಿಲ್ಲ, ಭುಜ ಕೊಟ್ಟೆ, ಬರಲಿಲ್ಲ, ಗಟ್ಟಿ ಇದೆ, ಬಹಳ ಗಟ್ಟಿ ಇದೆ, ಅವನಿಗೆ ಬೇಕಾದದ್ದೇ ಅದು, ಗಟ್ಟಿ ಇದೆಯಪ್ಪ ಎಂದು ಹೇಳಬೇಕು, ಅಥವಾ ಬೇರೆ ಹೇಳಬೇಕು, ಆ ಜೇಬಿನಲ್ಲಿರುವುದನ್ನು ವಾಪಸು ಹಾಕು, ನಾನು ಬರ್ತೀನಿ, ಮೂರು ಮಾಡು, ಗೆರೆ ಇನ್ನೂ ಅಳಿಸಿಲ್ಲ, ನನ್ನ ಬೆನ್ನಿಗೆ ಅರ್ಧ ಅಂಟಿದೆ ಅಷ್ಟೇ, ಪ್ಲೈವುಡ್ ಕೊಯ್ಯುವುದು ನಾಳೆಯಿಂದ, ಎಷ್ಟು ಹೊತ್ತು ಬೇಕು ಇದನ್ನು ಹೇಳಲು, ಈಗ ತಾನೆ ಬಾಯಿ ಬಂದಿತ್ತಲ್ಲ, ನಾನು ಮಲಗಿದ್ದರೆ ಅಲ್ಲಿ ಹಾಸ್ಟೆಲ್ಲಿನ ಆ ಕೋಣೆಯಲ್ಲಿ, ಕಬ್ಬಿಣದ ಮಂಚದ ಮೇಲೆ, ಎಲ್ಲೋ ಒಂದು ರಸ್ತೆಯಲ್ಲಿ ಇದು ಓಡುತ್ತಿರುತ್ತದೆ, ಮುಂದೆ ಅಪ್ಪ, ಹಿಂದೆ ಕತ್ತಲೆ, ತೂತು, ಸಂಜೆಯಾಗಿರುತ್ತದೆ, ಅಮ್ಮ ಎದ್ದು ಸೆರಗು ಸರಿಮಾಡಿಕೊಂಡು, ಏಳಿ ಒತ್ತಾಯ್ತು ಎಂದು ಯಾರಿಗೆ, ಯಾರೂ ಇಲ್ಲದ ಹಲಗೆಗೆ — ಮಗಾ, ಕೇಳುಸ್ತಾ, ಬರುತ್ತಾ — ಅಮ್ಮ ಎದ್ದಳು, ಒಬ್ಬಳೇ ಎದ್ದಳು, ಬಾಗಿಲವರೆಗೆ ಹೋದಳು, ಅಪ್ಪ ತಿರುಗಿಸಿ ತೋರಿಸಿದ ಜಾಗದಲ್ಲೇ ಕೈಯಿಟ್ಟಳು, ಹುಡುಕಿದಳು, ಮೇಲೆ, ಕೆಳಗೆ, ಇಲ್ಲ, ಬೆರಳಿಗೆ ತೂತು ಸಿಕ್ಕಿತು, ತೋರುಬೆರಳು ಅದರೊಳಗೆ ಹೋಯಿತು, ಬಿಸಿಲಿನ ಕಡ್ಡಿ ಹೋಯಿತು, ಕತ್ತಲೆ, ಅವಳು ಬೆರಳನ್ನು ತಿರುಗಿಸುತ್ತಿದ್ದಾಳೆ, ಹಿಡಿ ತಿರುಗಿಸುವ ಹಾಗೆಯೇ, ನಿಧಾನವಾಗಿ, ಬಲಕ್ಕೆ, ತೆಗೆದಳು, ಬೆಳಕು, ನನ್ನ ಕಡೆ ನೋಡಿದಳು, ಮತ್ತೆ ಹಾಕಿದಳು, ಕತ್ತಲೆ, ತೂತಿನೊಳಗೆ ಅವಳ ಬೆರಳು, ಹೊರಗಿನಿಂದ ಅಪ್ಪನಿಗೆ ಅದರ ತುದಿ ಕಾಣುತ್ತಿರಬೇಕು, ಬಲಕ್ಕೆ, ಬಲಕ್ಕೆ, ಅವಳ ಬೆರಳು ತಿರುಗುತ್ತಲೇ ಇದೆ.